ಕೆಲ್ಲಿ ಕ್ಲಾರ್ಕ್‌ಸನ್ ಕಾರ್ಯಕ್ರಮದ ಮೊದಲ ಹಾಡು: ನಿಜಕ್ಕೂ ಅಲ್ಲೇ ಹಾಡುತ್ತಾರೆಯೇ?

ಶ್ರುತಿಪೆಟ್ಟಿಗೆ:
2023ರ ಕೊನೆಯಲ್ಲಿ ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೋಗಿ ಐದು ತಿಂಗಳು ಇದ್ದೆ. ಮಧ್ಯಾಹ್ನ ಮೂರಕ್ಕೆ ತಾಯಿ, ಕೂಸು ಇಬ್ಬರೂ ಮಲಗಿದರೆ ಟಿ.ವಿ. ನನ್ನ ಪಾಲಿಗೆ. ಸದ್ದು ಮಾತ್ರ ಎಂಟರ ಮೇಲೆ ಹೋಗಕೂಡದೆಂದು ಅಳಿಯನ ಕರಾರು. ಹಾಗೆ ಹತ್ತಿಕೊಂಡದ್ದು ಅಮೆರಿಕದ ಗಾಯಕಿ ಕೆಲ್ಲಿ ಕ್ಲಾರ್ಕ್‌ಸನ್ ಅತಿಥಿಗಳನ್ನು ಕರೆದು ಮಾತಾಡಿಸುವ ಕಾರ್ಯಕ್ರಮದ ಗೀಳು.

ಮೂವತ್ತು ವರ್ಷ ಸುಗಮ ಸಂಗೀತ ಹೇಳಿಕೊಟ್ಟವಳು ನಾನು, ಕಿವಿ ಸುಮ್ಮನಿರುವುದಿಲ್ಲ. ಈಕೆ ಬಂದವರೇ ಹಾಡಲು ನಿಲ್ಲುತ್ತಾರೆ. ಅದೂ ಹೆಚ್ಚಾಗಿ ಬೇರೆಯವರ ಹಾಡು! ಒಂದು ದಿನ ತಾರಕಕ್ಕೆ ಏರುವ ಮುನ್ನ ಕಣ್ಣು ಮುಚ್ಚಿ, ಕದ್ದಂತೆ ಒಂದು ಉಸಿರು ಎಳೆದುಕೊಂಡರು. ಎಂಟರ ಸದ್ದಿನಲ್ಲೂ ಅದು ಕೇಳಿಸಿತು. ಮೊದಲೇ ಮುದ್ರಿಸಿದ ಹಾಡಿಗೆ ತುಟಿ ಆಡಿಸುವವರಿಗೆ ಆ ಉಸಿರು ಏಕೆ ಬೇಕು? ಅಳಿಯನಿಗೆ ಹೇಳಿದರೆ, “ಅತ್ತೆ, ಟಿ.ವಿ.ಯಲ್ಲಿ ಯಾರು ಅಲ್ಲೇ ಹಾಡುತ್ತಾರೆ?” ಎಂದು ನಕ್ಕುಬಿಟ್ಟ.

ಬಲ್ಲವರು ಹೇಳಿ: ಅಲ್ಲೇ ಹಾಡುತ್ತಾರೆಯೇ? ಹಾಡನ್ನು ಅಷ್ಟು ಬೇಗ ಮುಗಿಸುವುದು ಏಕೆ? ಪಲ್ಲವಿ ಬಂತು, ಒಂದು ಚರಣ ಬಂತು, ಚಪ್ಪಾಳೆ. ಎಲೆ ಹಾಕಿ, ಪಾಯಸ ಬಡಿಸಿ, ಏಳಿ ಎಂದಂತೆ. ಇನ್ನೊಂದು, ಓಹಾಯೊದಲ್ಲಿರುವ ತಮ್ಮನ ಮನೆಗೆ ಹೋದರೆ ಅಲ್ಲಿ ಇದೇ ಕಾರ್ಯಕ್ರಮ ಬೇರೆ ಹೊತ್ತಿಗೆ ಬರುತ್ತಿತ್ತು. ಅದೇಕೆ?

ಮೂರನೇ ಸಾಲು:
ಅಮ್ಮ, ನಿಮ್ಮ ಕಿವಿಯೇ ಸರಿ. ನಾನು ನ್ಯೂಯಾರ್ಕಿನ ರಾಕ್‌ಫೆಲರ್ ಪ್ಲಾಜಾದಲ್ಲಿ, ಸ್ಟುಡಿಯೊ 6ಎ ಒಳಗೆ ಕುಳಿತು ನೋಡಿದ್ದೇನೆ. ಟಿಕೆಟ್‌ಗೆ ದುಡ್ಡಿಲ್ಲ, ತಾಳ್ಮೆ ಬೇಕು. ಹಾಡಿದ್ದು ನಮ್ಮೆದುರಿಗೇ, ಡ್ರಮ್ಮಿನ ಪೆಟ್ಟು ಕುರ್ಚಿಯ ಕಾಲಿನಿಂದ ಮೇಲಕ್ಕೆ ಹತ್ತುತ್ತಿತ್ತು. ವಾದ್ಯದವರು ಕಾರ್ಯಕ್ರಮದ್ದೇ ತಂಡ, ಮುಂದಾಳು ಜೇಸನ್ ಹಾಲ್ಬರ್ಟ್. ಆ ಹಾಡಿನ ಭಾಗಕ್ಕೆ ‘ಕೆಲ್ಲಿಯೋಕಿ’ ಎಂದು ಹೆಸರು, ಕೆಲ್ಲಿ ಮತ್ತು ಕರಿಯೋಕಿ (ಮುದ್ರಿಸಿದ ವಾದ್ಯಕ್ಕೆ ಬೇರೆಯವರ ಹಾಡು ಹಾಡುವುದು) ಸೇರಿಸಿದ್ದು. 2019ರ ಸೆಪ್ಟೆಂಬರಿನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಕಾರ್ಯಕ್ರಮ, 2023ರ ಅಕ್ಟೋಬರಿನಿಂದ ನ್ಯೂಯಾರ್ಕಿಗೆ ಬಂತು. ನೀವು ಹೋದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ.

ಅಂದಹಾಗೆ 2022ರಲ್ಲಿ ‘ಕೆಲ್ಲಿಯೋಕಿ’ ಹೆಸರಿನಲ್ಲೇ ಆರು ಹಾಡುಗಳನ್ನು ಸ್ಟುಡಿಯೊದಲ್ಲಿ ಧ್ವನಿಮುದ್ರಿಸಿ ಹೊರತಂದಿದ್ದಾರೆ. ಕೇಳಿ ನೋಡಿ.

ಹಳೇ ಆಂಟೆನಾ:
ಮೊದಲೇ ಹೇಳಿಬಿಡುತ್ತೇನೆ, ಹಾಡು ಮುಗಿದ ಮೇಲೆ ನಾನು ಟಿ.ವಿ. ಆರಿಸುವವನು. ಸಿನಿಮಾ ಬಿಡುಗಡೆಗೆ ಬಂದ ನಟರ ನಗು ನನಗೆ ಸೇರುವುದಿಲ್ಲ.

ಹೊತ್ತಿನ ವಿಷಯ: ಇದು ಒಂದೇ ಜಾಲ ದೇಶಕ್ಕೆಲ್ಲ ಒಟ್ಟಿಗೆ ಪ್ರಸಾರ ಮಾಡುವ ಕಾರ್ಯಕ್ರಮವಲ್ಲ. ಸಿಂಡಿಕೇಷನ್ ಎನ್ನುತ್ತಾರೆ. ತಯಾರಿಸಿದವರು ಊರೂರಿನ ಕೇಂದ್ರಗಳಿಗೆ ಮಾರುತ್ತಾರೆ, ಯಾವ ಹೊತ್ತಿಗೆ ಹಾಕಬೇಕೆಂಬುದು ಬಹುಮಟ್ಟಿಗೆ ಆ ಕೇಂದ್ರದವರ ಲೆಕ್ಕಾಚಾರ. ನಿಮ್ಮ ತಮ್ಮನ ಊರಿನವರು ಬೇರೆ ಲೆಕ್ಕ ಹಾಕಿದ್ದಾರೆ, ಅಷ್ಟೆ.

ಹಾಡು ಚಿಕ್ಕದಾಗಲು ಗಡಿಯಾರವೇ ಕಾರಣ. ಒಂದು ಗಂಟೆಯಲ್ಲಿ ಜಾಹೀರಾತು ಕಳೆದು ಉಳಿದದ್ದರಲ್ಲಿ ಮೂರು ನಾಲ್ಕು ಅತಿಥಿಗಳು ಕೂರಬೇಕು. ಹಿಂದೆ ಹೀಗಿರಲಿಲ್ಲ. ಗಾಯಕರೇ ಹಗಲಿನ ಕಾರ್ಯಕ್ರಮ ನಡೆಸುವುದು ಅಮೆರಿಕದಲ್ಲಿ ಹಳೆಯ ಪದ್ಧತಿ. ಮೈಕ್ ಡಗ್ಲಾಸ್ ದೊಡ್ಡ ವಾದ್ಯಗೋಷ್ಠಿಗಳಲ್ಲಿ ಹಾಡುತ್ತಿದ್ದವರು. 1961ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಶುರುಮಾಡಿ, 1965ರಲ್ಲಿ ಫಿಲಡೆಲ್ಫಿಯಾಕ್ಕೆ ಹೋದರು. ವರ್ಷಗಟ್ಟಲೆ ಅದು ತೊಂಬತ್ತು ನಿಮಿಷದ ಕಾರ್ಯಕ್ರಮ, ವಾರಕ್ಕೊಬ್ಬರು ಸಹನಿರೂಪಕರು. 1972ರ ಫೆಬ್ರುವರಿಯಲ್ಲಿ ಒಂದು ವಾರ ಬೀಟಲ್ಸ್ ತಂಡದಲ್ಲಿದ್ದ ಜಾನ್ ಲೆನನ್, ಅವರ ಪತ್ನಿ ಯೋಕೊ ಓನೊ ಆ ಕುರ್ಚಿಯಲ್ಲಿದ್ದರು. ಮನೆಗೆಲಸದ ನಡುವೆ ನೋಡುವ ಹೊತ್ತಿನಲ್ಲಿ! ಗಾಯಕಿ ಡೈನಾ ಶೋರ್ 1970ರಿಂದ ತಮ್ಮ ಹಗಲಿನ ಕಾರ್ಯಕ್ರಮದಲ್ಲಿ ಅತಿಥಿಗಳ ಜೊತೆ ಅಡುಗೆಯನ್ನೂ ಮಾಡುತ್ತಿದ್ದರು. ಆ ಕಾಲದವರಿಗೆ ಚರಣ ಕತ್ತರಿಸುವ ಆತುರ ಇಷ್ಟಿರಲಿಲ್ಲ.

ಶ್ರುತಿಪೆಟ್ಟಿಗೆ:
ಇಬ್ಬರಿಗೂ ಧನ್ಯವಾದ. ಕುರ್ಚಿಯ ಕಾಲಿನ ಮಾತನ್ನು ಅಳಿಯನಿಗೆ ಓದಿ ಹೇಳಿದೆ. “ಇರಬಹುದು” ಎಂದ. ಅವನಿಂದ ಅಷ್ಟು ಬಂದದ್ದೇ ಹೆಚ್ಚು.

ಹಳೇ ಆಂಟೆನಾ ಅವರೇ, ಲೆಕ್ಕ ಅರ್ಥವಾಯಿತು, ಒಪ್ಪಿಗೆ ಮಾತ್ರ ಇಲ್ಲ. ಒಬ್ಬ ಅತಿಥಿಯನ್ನು ಕಡಿಮೆ ಮಾಡಿದರೆ ಇನ್ನೊಂದು ಚರಣಕ್ಕೆ ಜಾಗವಾಗುತ್ತದೆ.

ಆರು ಹಾಡುಗಳನ್ನೂ ನಿನ್ನೆ ರಾತ್ರಿ ಕೇಳಿದೆ, ಸದ್ದು ಎಷ್ಟು ಬೇಕೋ ಅಷ್ಟು ಇಟ್ಟುಕೊಂಡು. ಅಚ್ಚುಕಟ್ಟಾಗಿವೆ. ಆ ಕದ್ದ ಉಸಿರನ್ನು ಹುಡುಕಿ ಎರಡೆರಡು ಸಲ ಹಿಂದಕ್ಕೆ ಹೋದೆ, ನನ್ನ ಕಿವಿಗೆ ಸಿಗಲಿಲ್ಲ.