ಇವೊ 8ಕ್ಕೆ ಕ್ಯಾಮ್ ಗೇರ್: ಇನ್‌ಟೇಕ್ ಮುಂದಕ್ಕಾ, ಎಕ್ಸಾಸ್ಟ್ ಹಿಂದಕ್ಕಾ?

ಮೆಲ್ಬರ್ನ್_ಮಂಜ:
ಗಾಡಿ ಮಿತ್ಸುಬಿಷಿ ಲ್ಯಾನ್ಸರ್ ಇವೊ 8, ಎಂಜಿನ್ 4ಜಿ63. ಟರ್ಬೊ ಕಂಪನಿಯದ್ದೇ. 272 ಡಿಗ್ರಿ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಹಾಕಿಸಿದ್ದೇನೆ, ಎರಡಕ್ಕೂ ಅಡ್ಜಸ್ಟ್ ಮಾಡುವ ಗೇರ್ ಇದೆ. ಈಗ ಎರಡೂ ಸೊನ್ನೆಯಲ್ಲಿವೆ. ಐಡಲ್ ಪರವಾಗಿಲ್ಲ, ಆದರೆ ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಮೊದಲಿಗಿಂತ ತಡವಾಗಿ ಬರುತ್ತಿದೆ. ಒಬ್ಬ ಟ್ಯೂನರ್ ಇನ್‌ಟೇಕ್ 2 ಡಿಗ್ರಿ ಅಡ್ವಾನ್ಸ್ (ವಾಲ್ವ್ ಬೇಗ ತೆರೆಯುವ ಹಾಗೆ), ಎಕ್ಸಾಸ್ಟ್ 2 ಡಿಗ್ರಿ ರಿಟಾರ್ಡ್ (ತಡವಾಗಿ ತೆರೆಯುವ ಹಾಗೆ) ಮಾಡು ಅಂದ. ಇನ್ನೊಬ್ಬ ಮುಟ್ಟಲೇಬೇಡ ಅಂದ. ಪೆಟ್ರೋಲ್ 98 ಆಕ್ಟೇನ್. ಯಾರ ಮಾತು ಕೇಳಲಿ?

ಸ್ಪ್ಯಾನರ್_ಸೀನ:
ಇನ್‌ಟೇಕ್ ಅಡ್ವಾನ್ಸ್ ಮಾಡಿ. ವಾಲ್ವ್ ಬೇಗ ಮುಚ್ಚುತ್ತದೆ, ಕಡಿಮೆ ಆರ್‌ಪಿಎಂನಲ್ಲಿ ಒಳಗೆ ಬಂದ ಗಾಳಿ ವಾಪಸ್ ಹೋಗುವುದಿಲ್ಲ, ಕೆಳಗಿನ ಟಾರ್ಕ್ ಬರುತ್ತದೆ. ಎಕ್ಸಾಸ್ಟ್ ರಿಟಾರ್ಡ್ ಮಾತ್ರ ಬೇಡ. ಬೂಸ್ಟ್ 1.4 ಬಾರ್ ಇದ್ದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಅದರ ಎರಡರಷ್ಟು ಒತ್ತಡ ಇರಬಹುದು. ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು ಹೆಚ್ಚಿದರೆ ಸುಟ್ಟ ಗ್ಯಾಸ್ ಸಿಲಿಂಡರಿಗೇ ತಿರುಗಿ ಬರುತ್ತದೆ. ಟರ್ಬೊಗೆ ಈ ಓವರ್‌ಲ್ಯಾಪ್ ವಿಷ.

ಡೈನೋ_ದೀಪು:
"ವಿಷ"?? ಇನ್‌ಟೇಕ್ ಅಡ್ವಾನ್ಸ್ ಮಾಡಿದರೂ ಓವರ್‌ಲ್ಯಾಪ್ ಜಾಸ್ತಿಯೇ ಆಗುತ್ತದೆ ಸಾರ್. ಒಂದೇ ಪೋಸ್ಟಿನಲ್ಲಿ ವಿಷವನ್ನೂ ಬರೆದುಕೊಟ್ಟಿರಿ, ಕುಡಿಯಬೇಡಿ ಅಂತಲೂ ಹೇಳಿದಿರಿ. 2005ರ ಇವೊ 9ರಲ್ಲಿ ಮಿತ್ಸುಬಿಷಿಯವರು ಇನ್‌ಟೇಕ್‌ಗೆ ಮೈವೆಕ್ (ಎಂಜಿನ್ ಓಡುವಾಗಲೇ ಕ್ಯಾಮ್ ಟೈಮಿಂಗ್ ಬದಲಿಸುವ ವ್ಯವಸ್ಥೆ) ಹಾಕಿದರು. ಮಧ್ಯದ ಆರ್‌ಪಿಎಂನಲ್ಲಿ ಅದು ಕ್ಯಾಮನ್ನು ಮುಂದಕ್ಕೆ ತಳ್ಳುತ್ತದೆ, ಮೇಲೆ ಹೋದಂತೆ ಹಿಂದಕ್ಕೆ ಎಳೆಯುತ್ತದೆ. ಕಂಪನಿಯೇ ಕೊಟ್ಟ ವಿಷ.

ಸ್ಪ್ಯಾನರ್_ಸೀನ:
"ಇನ್‌ಟೇಕ್‌ಗೆ" ಅಂತ ನೀವೇ ಬರೆದಿರಿ. ಎಕ್ಸಾಸ್ಟ್‌ಗೆ ಯಾಕೆ ಹಾಕಲಿಲ್ಲ? ಅಲ್ಲಿ ಪ್ರಯೋಜನ ಇಲ್ಲ ಅಂತ ಗೊತ್ತಿತ್ತು, ಅದಕ್ಕೆ. ಎಕ್ಸಾಸ್ಟ್ ಗೇರ್ ಇರುವುದು ಬಾನೆಟ್ ಎತ್ತಿ ಫೋಟೋ ಹಾಕುವುದಕ್ಕೆ.

ಡೈನೋ_ದೀಪು:
ಇವೊ 10 ನೋಡಿ. 4ಬಿ11 ಎಂಜಿನ್, ಎರಡೂ ಕ್ಯಾಮಿಗೆ ಮೈವೆಕ್. ಅವರೂ ಫೋಟೋಗೇ ಹಾಕಿದ್ದಾ?

ಹಳೇಗ್ಯಾರೇಜ್_ಹನುಮ:
ಎಲ್ಲರೂ "2 ಡಿಗ್ರಿ" ಅನ್ನುತ್ತಿದ್ದೀರಿ. ಕ್ಯಾಮ್ ಡಿಗ್ರಿಯಾ, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಡಿಗ್ರಿಯಾ? ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಕ್ಯಾಮಿನಲ್ಲಿ 2 ಅಂದರೆ ಕ್ರ್ಯಾಂಕಿನಲ್ಲಿ 4. ಅಂಗಡಿಗೆ ಹೋಗಿ ಕೆಜಿಯಾ ಲೀಟರಾ ಹೇಳದೆ "ಕಾಲು ಕೊಡಿ" ಅಂದ ಹಾಗಾಯಿತು.

ಸ್ಪ್ಯಾನರ್_ಸೀನ:
ಗೇರ್ ಇರುವುದು ಕ್ಯಾಮ್ ಮೇಲೆ. ಅದರ ಮೇಲಿನ ಗೆರೆ ಕ್ಯಾಮ್ ಡಿಗ್ರಿ. ಇದಕ್ಕೂ ಚರ್ಚೆ ಬೇಕಾ?

ಹಳೇಗ್ಯಾರೇಜ್_ಹನುಮ:
ಬೇಕು. 272 ಅನ್ನುವುದು ಯಾವ ಡಿಗ್ರಿ? ಕ್ಯಾಮ್ ಡಿಗ್ರಿ ಆಗಿದ್ದರೆ ಕ್ರ್ಯಾಂಕಿನಲ್ಲಿ 544 ಆಗುತ್ತದೆ. 720ರ ಸುತ್ತಿನಲ್ಲಿ 544 ಡಿಗ್ರಿ ವಾಲ್ವ್ ತೆರೆದೇ ಇದ್ದರೆ ಎಂಜಿನ್ ಓಡುವುದು ಹೇಗೆ? ಕ್ಯಾಮ್ ಕಾರ್ಡಿನಲ್ಲಿ (ಕ್ಯಾಮ್ ಜೊತೆ ಬರುವ ಅಳತೆ ಚೀಟಿ) ಎಲ್ಲ ಲೆಕ್ಕವೂ ಕ್ರ್ಯಾಂಕ್ ಡಿಗ್ರಿಯಲ್ಲೇ.

ಸ್ಪ್ಯಾನರ್_ಸೀನ:
ನಾನು ಗೆರೆ ಬಗ್ಗೆ ಮಾತಾಡಿದೆ, ಕಾರ್ಡ್ ಬಗ್ಗೆ ಅಲ್ಲ. ಕಣ್ಣು ಬಿಟ್ಟು ಓದಿ.

ಲೆಕ್ಕದ_ಲೀಲಾ:
ಗೆರೆಯ ವಿಷಯದಲ್ಲೂ ಒಂದೇ ನಿಯಮ ಇಲ್ಲ. ಕೆಲವರು ಕ್ಯಾಮ್ ಡಿಗ್ರಿಯಲ್ಲಿ ಕೊರೆಯುತ್ತಾರೆ, ಕೆಲವರು ಕ್ರ್ಯಾಂಕ್ ಡಿಗ್ರಿಯಲ್ಲಿ. ಅಳೆದು ನೋಡಿ. ಗೆರೆಗಳು ಮಧ್ಯದಿಂದ 50 ಮಿ.ಮೀ. ದೂರದಲ್ಲಿದ್ದರೆ ಒಂದು ಕ್ಯಾಮ್ ಡಿಗ್ರಿಗೆ 0.87 ಮಿ.ಮೀ. ಅಂತರ ಇರಬೇಕು. ಅದರ ಅರ್ಧ ಇದ್ದರೆ ಕ್ರ್ಯಾಂಕ್ ಡಿಗ್ರಿ.

ಸ್ಪ್ಯಾನರ್_ಸೀನ:
ವರ್ನಿಯರ್ ಹಿಡಿದು ಗೆರೆ ಅಳೆಯುವವರು ಎಂಜಿನ್ ಬಿಚ್ಚಿದ್ದನ್ನು ನಾನು ನೋಡಿಲ್ಲ.

ಲೆಕ್ಕದ_ಲೀಲಾ:
ಅಳೆಯದೆ ಬಿಚ್ಚಿದವರ ಬಾಗಿದ ವಾಲ್ವ್‌ಗಳನ್ನು ನಾನು ತುಂಬಾ ನೋಡಿದ್ದೇನೆ.

ಹಳೇಗ್ಯಾರೇಜ್_ಹನುಮ:
"ಬಾಗಿದ ವಾಲ್ವ್" ಅಂದಿದ್ದು ಒಳ್ಳೆಯದಾಯಿತು. 4ಜಿ63 ಇಂಟರ್‌ಫೆರೆನ್ಸ್ ಎಂಜಿನ್. ಟೈಮಿಂಗ್ ತಪ್ಪಿದರೆ ಪಿಸ್ಟನ್ ವಾಲ್ವಿಗೆ ಹೊಡೆಯುತ್ತದೆ. ಇನ್‌ಟೇಕ್ ಅಡ್ವಾನ್ಸ್ ಮಾಡಿದಷ್ಟೂ ಇನ್‌ಟೇಕ್ ವಾಲ್ವ್ ಪಿಸ್ಟನ್ನಿಗೆ ಹತ್ತಿರ ಬರುತ್ತದೆ. ಎಕ್ಸಾಸ್ಟ್ ರಿಟಾರ್ಡ್ ಮಾಡಿದಷ್ಟೂ ಎಕ್ಸಾಸ್ಟ್ ವಾಲ್ವ್. ಸೀನ ಅವರ ನಂಬಿಕೆಯ ಮೇಲೆ 2ರ ಬದಲು 4 ತಿರುಗಿಸಿದರೆ ಖರ್ಚು ಯಾರದ್ದು?

ಸ್ಪ್ಯಾನರ್_ಸೀನ:
ಆ 4 ಡಿಗ್ರಿಗೆ ವಾಲ್ವ್ ಬಾಗುವುದಿಲ್ಲ. ಪುಲ್ಲಿಗೆ 48 ಹಲ್ಲಿದ್ದರೆ ಬೆಲ್ಟ್ ಒಂದು ಹಲ್ಲು ತಪ್ಪಿದರೂ ಕ್ರ್ಯಾಂಕಿನಲ್ಲಿ 15 ಡಿಗ್ರಿ. ಹಾಗೆ ಓಡಿದ ಗಾಡಿಗಳು ಎಷ್ಟೋ ಇವೆ. ಸುಮ್ನೆ ಹುಡುಗನನ್ನು ಹೆದರಿಸಬೇಡಿ.

ಹಳೇಗ್ಯಾರೇಜ್_ಹನುಮ:
ಕಂಪನಿ ಕ್ಯಾಮ್ ಇದ್ದಾಗ ಓಡಿರಬಹುದು. ಇಲ್ಲಿ ಲಿಫ್ಟ್ (ವಾಲ್ವ್ ತೆರೆಯುವ ಎತ್ತರ) ಜಾಸ್ತಿ ಇರುವ ಕ್ಯಾಮ್. ಅಂದಹಾಗೆ "15 ಡಿಗ್ರಿ" ಅಂತ ಈಗ ಕ್ರ್ಯಾಂಕ್ ಲೆಕ್ಕಕ್ಕೆ ಬಂದಿರಿ. ಸಂತೋಷ.

ಸ್ಪ್ಯಾನರ್_ಸೀನ:
ನಿಮ್ಮ ಜೊತೆ ಮಾತಾಡುವುದಕ್ಕಿಂತ ಗ್ಯಾಸ್ಕೆಟ್ ಕೆರೆಯುವುದು ವಾಸಿ.

ಆರ್‌ಎಸ್_ರಾಜಾಜಿನಗರ:
ಮಧ್ಯೆ ಬಾಯಿ ಹಾಕಿದೆ ಅಂತ ಬೇಜಾರಾಗಬೇಡಿ. ನನ್ನದು ಆಕ್ಟೇವಿಯಾ ಆರ್‌ಎಸ್, 1.8 ಟರ್ಬೊ, 20 ವಾಲ್ವ್. ನನಗೂ ಇಂಥ ಗೇರ್ ಹಾಕಬಹುದಾ?

ಲೆಕ್ಕದ_ಲೀಲಾ:
ಹಾಕಬಹುದು, ಆದರೆ ಉಪಯೋಗ ಬೇರೆ. ಅದರಲ್ಲಿ ಬೆಲ್ಟ್ ತಿರುಗಿಸುವುದು ಎಕ್ಸಾಸ್ಟ್ ಕ್ಯಾಮ್ ಮಾತ್ರ. ಇನ್ನೊಂದು ತುದಿಯಲ್ಲಿ ಸಣ್ಣ ಚೈನ್ ಇದೆ, ಅದು ಇನ್‌ಟೇಕ್ ಕ್ಯಾಮನ್ನು ತಿರುಗಿಸುತ್ತದೆ. ಗೇರ್ ಸರಿಸಿದರೆ ಎರಡೂ ಒಟ್ಟಿಗೆ ಸರಿಯುತ್ತವೆ. ಓವರ್‌ಲ್ಯಾಪ್ ಎಷ್ಟಿತ್ತೋ ಅಷ್ಟೇ.

ಸ್ಪ್ಯಾನರ್_ಸೀನ:
ನೋಡಿ, ಓವರ್‌ಲ್ಯಾಪ್ ಮುಟ್ಟಬಾರದು ಅಂತ ಜರ್ಮನ್ನರಿಗೂ ಗೊತ್ತಿತ್ತು.

ಲೆಕ್ಕದ_ಲೀಲಾ:
ನಾನು ಹಾಗೆ ಹೇಳಲೇ ಇಲ್ಲ.

ಮೆಲ್ಬರ್ನ್_ಮಂಜ:
ಅಣ್ಣಂದಿರೇ, ಅಕ್ಕ, ನನ್ನ ಗಾಡಿ ಇನ್ನೂ ಸೊನ್ನೆಯಲ್ಲೇ ನಿಂತಿದೆ.

ಹಳೇಗ್ಯಾರೇಜ್_ಹನುಮ:
"ಸೊನ್ನೆ" ನಿಜವಾಗಿ ಸೊನ್ನೆಯಾ? ಹೆಡ್ ಸ್ಕಿಮ್ ಮಾಡಿಸಿದ್ದೀರಾ (ಸಿಲಿಂಡರ್ ಹೆಡ್ಡಿನ ಅಡಿ ಹೆರೆದು ಸಮ ಮಾಡುವುದು)?

ಮೆಲ್ಬರ್ನ್_ಮಂಜ:
ಹೌದು, ಕ್ಯಾಮ್ ಹಾಕುವಾಗಲೇ. 0.2 ಮಿ.ಮೀ. ತೆಗೆದಿದ್ದಾರೆ.

ಹಳೇಗ್ಯಾರೇಜ್_ಹನುಮ:
ಅಲ್ಲಿಗೆ ಸಿಕ್ಕಿತು. ಹೆಡ್ ಕೆಳಗಿಳಿದರೆ ಕ್ಯಾಮ್ ಮತ್ತು ಕ್ರ್ಯಾಂಕ್ ನಡುವಿನ ದೂರ ಕಡಿಮೆಯಾಗುತ್ತದೆ. ಬೆಲ್ಟಿನ ಉದ್ದ ಅಷ್ಟೇ ಇರುವುದರಿಂದ ಎರಡೂ ಕ್ಯಾಮ್ ರಿಟಾರ್ಡ್ ಆಗುತ್ತವೆ. ಬೂಸ್ಟ್ ತಡ ಆಗುವುದು ಅದಕ್ಕೇ.

ಡೈನೋ_ದೀಪು:
0.2ಕ್ಕೆ ಬೂಸ್ಟ್ ತಡವಾ! 48 ಹಲ್ಲು, 8 ಮಿ.ಮೀ. ಪಿಚ್ ಅಂತ ಇಟ್ಟುಕೊಳ್ಳಿ. ಸುತ್ತಳತೆ 384 ಮಿ.ಮೀ. 0.2 ಮಿ.ಮೀ. ಅಂದರೆ ಕ್ಯಾಮಿನಲ್ಲಿ 0.19 ಡಿಗ್ರಿ, ಕ್ರ್ಯಾಂಕಿನಲ್ಲಿ ಅರ್ಧ ಡಿಗ್ರಿಯೂ ಇಲ್ಲ. ಎರಡೂ ಲೆಕ್ಕದಲ್ಲಿ ಕೊಟ್ಟಿದ್ದೇನೆ, ಮತ್ತೆ ಜಗಳ ಬೇಡ.

ಹಳೇಗ್ಯಾರೇಜ್_ಹನುಮ:
ಸ್ಕಿಮ್ ಒಂದೇ ಅಲ್ಲ. ಕ್ಯಾಮ್ ಕೊರೆಯುವಾಗಿನ ವ್ಯತ್ಯಾಸ, ಗೇರಿನ ಪಿನ್, ಹಳೇ ಬೆಲ್ಟ್, ಎಲ್ಲ ಸೇರುತ್ತದೆ. ಡಿಗ್ರಿ ವೀಲ್ ಮತ್ತು ಡಯಲ್ ಗೇಜ್ ಇಟ್ಟು ನಿಜವಾದ ಸೆಂಟರ್‌ಲೈನ್ (ವಾಲ್ವ್ ಪೂರ್ತಿ ತೆರೆಯುವ ಕೋನ) ಕಂಡುಹಿಡಿಯದೆ ಸೊನ್ನೆ ಅನ್ನಬೇಡಿ.

ಲೆಕ್ಕದ_ಲೀಲಾ:
ಹೊಸ ಹೆಡ್ ಗ್ಯಾಸ್ಕೆಟ್ ದಪ್ಪದ್ದಾಗಿದ್ದರೆ ಅದು ಉಲ್ಟಾ ದಿಕ್ಕಿಗೆ ಎಳೆಯುತ್ತದೆ. ಅದನ್ನು ಯಾರೂ ಕೇಳಲಿಲ್ಲ.

ಸ್ಪ್ಯಾನರ್_ಸೀನ:
ಕ್ಯಾಮ್ ರಿಟಾರ್ಡ್ ಆಗಿದೆ ಅಂತ ಹನುಮ ಅವರೇ ಒಪ್ಪಿದರಲ್ಲ? ಅದಕ್ಕೇ ನಾನು ಮೊದಲೇ ಇನ್‌ಟೇಕ್ ಅಡ್ವಾನ್ಸ್ ಮಾಡಿ ಅಂದಿದ್ದು.

ಹಳೇಗ್ಯಾರೇಜ್_ಹನುಮ:
ನೀವು ಹೇಳಿದ್ದು ಇನ್‌ಟೇಕ್ ಮಾತ್ರ. ನಾನು ಹೇಳಿದ್ದು ಎರಡೂ. ಅಂದರೆ ಎಕ್ಸಾಸ್ಟ್ ಕೂಡ ಮುಂದಕ್ಕೇ ಬರಬೇಕು, ಆ ಟ್ಯೂನರ್ ಹೇಳಿದ್ದಕ್ಕೆ ಪೂರ್ತಿ ವಿರುದ್ಧ.

ಡೈನೋ_ದೀಪು:
ಮಂಜ, ಮೊದಲು ಎಕ್ಸಾಸ್ಟ್ ಸೊನ್ನೆಯಲ್ಲೇ ಇರಲಿ, ಇನ್‌ಟೇಕ್ ಒಂದೊಂದೇ ಹೆಜ್ಜೆ ಸರಿಸಿ, ಪ್ರತಿ ಸಲ ಡೈನೋದಲ್ಲಿ (ಗಾಡಿಯ ಶಕ್ತಿ ಅಳೆಯುವ ಯಂತ್ರ) ನೋಡಿ. ಆಮೇಲೆ ಎಕ್ಸಾಸ್ಟ್. ಗಾಳಿ ಬದಲಾದರೆ ನಾಕ್ (ಪೆಟ್ರೋಲ್ ತಾನಾಗೇ ಹೊತ್ತಿ ಬಡಿಯುವುದು) ಬರುವ ಜಾಗವೂ ಬದಲಾಗುತ್ತದೆ, ಇಗ್ನಿಷನ್ ಮ್ಯಾಪ್ ಮತ್ತೆ ನೋಡಲೇಬೇಕು. ಓವರ್‌ಲ್ಯಾಪಿನಲ್ಲಿ ಹಸಿ ಗಾಳಿ ನೇರ ಎಕ್ಸಾಸ್ಟಿಗೆ ಹೋದರೆ ಎಕ್ಸಾಸ್ಟಿನ ಆಮ್ಲಜನಕ ಅಳೆಯುವ ವೈಡ್‌ಬ್ಯಾಂಡ್ ಮೀಟರ್ ಲೀನ್ (ಪೆಟ್ರೋಲ್ ಕಡಿಮೆ) ಅಂತ ತೋರಿಸುತ್ತದೆ, ಮೋಸ ಹೋಗಬೇಡಿ.

ಸ್ಪ್ಯಾನರ್_ಸೀನ:
"ಮೊದಲು ಇನ್‌ಟೇಕ್." ಧನ್ಯವಾದ ದೀಪು.

ಮೆಲ್ಬರ್ನ್_ಮಂಜ:
ಸರಿ, ಶನಿವಾರ ಡಿಗ್ರಿ ವೀಲ್ ತರುತ್ತೇನೆ. ಗೇರ್ ಮಾಡಿದವರಿಗೂ ಗೆರೆ ಯಾವ ಲೆಕ್ಕದ್ದು ಅಂತ ಮೇಲ್ ಹಾಕಿದ್ದೇನೆ.

ಹಳೇಗ್ಯಾರೇಜ್_ಹನುಮ:
ಬೋಲ್ಟ್ ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿ. ಸ್ಟಾರ್ಟ್ ಮಾಡುವ ಮುಂಚೆ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಿಯಾದರೂ ತಡೆದರೆ ಅಲ್ಲೇ ನಿಲ್ಲಿಸಿ.

ಬೂಸ್ಟ್_ಬಸ್ಯಾ:
ಪೂರ್ತಿ ಓದಲಿಲ್ಲ. ಇಷ್ಟೆಲ್ಲ ಯಾಕೆ, ದೊಡ್ಡ ಟರ್ಬೊ ಹಾಕಿ ಬಿಡಿ.

ಲೆಕ್ಕದ_ಲೀಲಾ:
ಬೂಸ್ಟ್ ತಡವಾಗಿ ಬರುತ್ತಿದೆ ಅನ್ನುವುದೇ ಅವರ ದೂರು.

ಬೂಸ್ಟ್_ಬಸ್ಯಾ:
ತಡವಾದರೂ ಜೋರಾಗಿ ಬರುತ್ತದಲ್ಲ?