ಒಂದೇ ಹೊಳೆ, ಎರಡು ಪೇಪರ್: ಸುದ್ದಿ ಯಾಕೆ ಬೇರೆ ಬೇರೆ?

ಹಿಪ್ಪರಗಿ ಕಡೆಯವ:
ಜಮಖಂಡಿ ತಾಲ್ಲೂಕು ನಮ್ಮದು, ಹೊಲ ಕೃಷ್ಣಾ ಹೊಳೆ ದಂಡೆಗೇ ಇದೆ. ಮಳೆಗಾಲ ಬಂತಂದ್ರೆ ಕನ್ನಡ ಪೇಪರ್ ಜೊತೆ ಸಾಂಗಲಿ, ಕೊಲ್ಹಾಪುರದ ಮರಾಠಿ ಪೇಪರ್‌ಗಳನ್ನೂ ಮೊಬೈಲ್‌ನಲ್ಲಿ ನೋಡ್ತೀನಿ. ನಮ್ಮಲ್ಲಿ ‘ಮಹಾರಾಷ್ಟ್ರದಿಂದ ನೀರು, ನದಿತೀರದಲ್ಲಿ ಆತಂಕ’ ಅನ್ನೋ ಥರ ಬಂದಿರುತ್ತೆ. ಅಲ್ಲಿ ನೋಡಿದ್ರೆ, ಹೊಳೆಯ ಕೆಳಗಡೆ ಇರೋ ಆಲಮಟ್ಟಿ ಡ್ಯಾಂನಿಂದ ಕರ್ನಾಟಕ ನೀರೇ ಬಿಡ್ತಿಲ್ಲ, ಹಿನ್ನೀರು ನಿಂತು ಅದಕ್ಕೇ ಸಾಂಗಲಿ ಮುಳುಗ್ತಿದೆ ಅನ್ನೋ ಧಾಟಿ. ಇಬ್ಬರೂ ಸುಳ್ಳು ಬರೀತಿದ್ದಾರೆ ಅಂತ ನನಗೇನೂ ಅನ್ಸಲ್ಲ. ಮತ್ತೆ ಇಷ್ಟು ವ್ಯತ್ಯಾಸ ಯಾಕೆ? ಭಾಷೆ, ಸಂಸ್ಕೃತಿ ಬೇರೆ ಅಂತಾನಾ, ಇಲ್ಲಾ ಬರೀ ರಾಜಕೀಯಾನಾ?

ನಿಪ್ಪಾಣಿಯಿಂದ:
ನಮ್ಮನೇಲಿ ಮರಾಠಿ, ನಾನು ಓದಿದ್ದು ಕನ್ನಡ ಶಾಲೇಲಿ. ಎರಡೂ ಪೇಪರ್ ಬರುತ್ತೆ. ಮೊದಲು ಅವರು ನೀರನ್ನ ಎಲ್ಲಿ ನಿಂತು ಅಳೀತಾರೆ ಅಂತ ನೋಡಿ. ಸಾಂಗಲಿಯಲ್ಲಿ ಐರ್ವಿನ್ ಸೇತುವೆ ಹತ್ತಿರ ಎಷ್ಟು ಅಡಿ ಅನ್ನೋದೇ ಸುದ್ದಿ. 40 ಅಡಿಗೆ ಎಚ್ಚರಿಕೆ, 45ಕ್ಕೆ ಅಪಾಯ. ಕೊಲ್ಹಾಪುರದವರಿಗೆ ಪಂಚಗಂಗಾ ನದಿ, ರಾಜಾರಾಮ ಬಂಧಾರದಲ್ಲಿ (ಒಡ್ಡು) 39 ಮತ್ತು 43. ಎಷ್ಟನೇ ಅಡಿಗೆ ಯಾವ ಗಲ್ಲಿಗೆ ನೀರು ನುಗ್ಗುತ್ತೆ ಅಂತ ಅಲ್ಲಿನ ಅಜ್ಜಿಯರಿಗೂ ಗೊತ್ತು. ನಮ್ಮ ಪೇಪರ್ ಅಡಿ ಲೆಕ್ಕಕ್ಕೆ ಹೋಗೋದು ಕಮ್ಮಿ. ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿಂದ ಇಷ್ಟು ಕ್ಯುಸೆಕ್, ಕೊಯ್ನಾ ಡ್ಯಾಂನಿಂದ ಇಷ್ಟು. ಅವರಿಗೆ ಎಷ್ಟು ಏರ್ತು ಅನ್ನೋ ಚಿಂತೆ, ನಮಗೆ ಎಷ್ಟು ಬರ್ತಿದೆ ಅನ್ನೋದು.

ಇನ್ನೊಂದು, 2005 ಮತ್ತು 2019ರ ಮಹಾಪೂರ ಆ ಜನ ಮರೆತಿಲ್ಲ. ಆಲಮಟ್ಟಿ ಹೆಸರು ಬರದೆ ಅಲ್ಲಿ ಪ್ರವಾಹದ ಸುದ್ದಿ ಮುಗಿಯಲ್ಲ. ಅವರ ಸರ್ಕಾರವೇ ನೇಮಿಸಿದ್ದ ವಡ್ನೇರೆ ಸಮಿತಿ 2020ರಲ್ಲಿ ಪ್ರವಾಹಕ್ಕೆ ಆಲಮಟ್ಟಿ ಕಾರಣ ಅಲ್ಲ ಅಂತ ವರದಿ ಕೊಟ್ಟಿತ್ತು. ಆದ್ರೂ ಭಯ ಹೋಗಿಲ್ಲ ನೋಡಿ. ಮನೆಯೊಳಗೆ ನೀರು ಬಂದವನಿಗೆ ವರದಿ ಓದಿ ಸಮಾಧಾನ ಆಗುತ್ತಾ?

ನವನಗರ ಬಾಗಲಕೋಟೆ:
ಇದನ್ನ ಮರಾಠಿ ವರ್ಸಸ್ ಕನ್ನಡ ಮಾಡ್ಬೇಡಿ ಸರ್. ಕನ್ನಡದೊಳಗೇ ಎರಡು ಸುದ್ದಿ ಇದೆ. ಆಲಮಟ್ಟಿಯಲ್ಲಿ ಈಗ ಸಮುದ್ರಮಟ್ಟದಿಂದ 519.6 ಮೀಟರ್‌ವರೆಗೆ ನೀರು ನಿಲ್ಲಿಸ್ತಾರೆ, 524.256ಕ್ಕೆ ಏರಿಸಬಹುದು ಅಂತ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಹೇಳ್ತು. ಬೆಂಗಳೂರಲ್ಲಿ ಕೂತು ಬರೆದ್ರೆ ಅದು ನೀರಾವರಿ, ನಮ್ಮ ಪಾಲು, ನಾಡಿನ ಹಕ್ಕು. ನಮ್ಮ ಜಿಲ್ಲಾ ಪುಟದಲ್ಲಿ ಅದೇ ಸುದ್ದಿ ಮುಳುಗಡೆ, ಪರಿಹಾರ, ಪುನರ್ವಸತಿ. ಹಳೇ ಬಾಗಲಕೋಟೆ ಅರ್ಧ ನೀರಿಗೆ ಹೋಗಿದ್ದನ್ನ ಕಂಡವರು ನಾವು. ಎತ್ತರ ಅಂದ್ರೆ ಖುಷಿ ಪಡೋಕಿಂತ ಮೊದಲು, ಈ ಸಲ ಯಾರ ಮನೆ ಅಂತ ಕೇಳ್ತೀವಿ. ತೆಲುಗು ಪೇಪರ್‌ಗೆ ಬನ್ನಿ, ಆಲಮಟ್ಟಿ ಗೇಟ್ ತೆಗೆದ್ರೆ ಕೆಳಗಿನ ಜುರಾಲಾ, ಶ್ರೀಶೈಲ ಡ್ಯಾಂಗಳಿಗೆ ನೀರು ಬಂತು ಅಂತ ಸಂಭ್ರಮ. ಭಾಷೆಗಿಂತ ಯಾವ ದಂಡೆ ಅನ್ನೋದೇ ಮುಖ್ಯ.

ಗುಮ್ಮಟದೂರು:
ವಿಜಯಪುರದಲ್ಲಿ ಪೇಪರ್ ಡೆಸ್ಕ್‌ನಲ್ಲಿ ಕೆಲಸ ಮಾಡಿದವನು ನಾನು. ನವನಗರದವರ ಮಾತು ಅರ್ಧ ಒಪ್ತೀನಿ. ಭಾಷೆಯೂ ಕೈಯಾಡಿಸುತ್ತೆ ರೀ. ಕಳ್ಳತನದ ಆರೋಪಿ ಸಿಕ್ಕಿಬಿದ್ರೆ ‘ಪರಾರಿಯಾಗಿದ್ದ’, ‘ಒಪ್ಪಿಕೊಂಡಿದ್ದಾನೆ’. ಕೋರ್ಟ್ ಇನ್ನೂ ಏನೂ ಹೇಳಿರಲ್ಲ, ಏಕವಚನದಲ್ಲೇ ಅವನ ಕಥೆ ಮುಗೀತು. ಅದೇ ಆರೋಪಿ ಶಾಸಕ ಆಗಿದ್ರೆ ‘ಒಪ್ಪಿಕೊಂಡಿದ್ದಾರೆ’. ಇಂಗ್ಲಿಷ್ ಪೇಪರ್‌ನವರಿಗೆ ಈ ತಾಪತ್ರಯ ಇಲ್ಲ, ಅಲ್ಲಿ ಕಳ್ಳನಿಗೂ ಶಾಸಕನಿಗೂ ‘he’ ಒಂದೇ.

ನೀರಿನ ಸುದ್ದಿಯಲ್ಲಿ ಇದನ್ನ ಗಮನಿಸಿ. ನಮ್ಮ ಡ್ಯಾಂ ಆದ್ರೆ ‘ನೀರು ಬಿಡುಗಡೆ ಮಾಡಲಾಗಿದೆ’, ಯಾರು ಬಿಟ್ರು ಅಂತ ಇರಲ್ಲ. ಅವರ ಡ್ಯಾಂ ಆದ್ರೆ ‘ಮಹಾರಾಷ್ಟ್ರ ನೀರು ಬಿಟ್ಟಿದೆ’. ಯಾರೂ ಕೂತು ಯೋಚಿಸಿ ಹೀಗೆ ಮಾಡಲ್ಲ, ರಾತ್ರಿ ಪುಟ ಮುಗಿಸೋ ಗಡಿಬಿಡಿಯಲ್ಲಿ ರೂಢಿಯ ಮೇಲೆ ಕೈ ಓಡುತ್ತೆ. ಓದುಗನ ತಲೆಯಲ್ಲಿ ಮಾತ್ರ ಒಂದು ಮಳೆಯ ಕೆಲಸ, ಇನ್ನೊಂದು ಪಕ್ಕದ ರಾಜ್ಯದ ಕೆಲಸ ಅಂತ ಕೂತುಬಿಡುತ್ತೆ.

ಹಿಪ್ಪರಗಿ ಕಡೆಯವ:
ಅಬ್ಬಾ, ಇದು ಕಣ್ಣಿಗೇ ಬಿದ್ದಿರಲಿಲ್ಲ. ನಿಪ್ಪಾಣಿಯವರೇ, ಮರಾಠಿ ಪೇಪರ್‌ನಲ್ಲೂ ಹೀಗೇನಾ?

ನಿಪ್ಪಾಣಿಯಿಂದ:
ಡಿಟ್ಟೋ ರೀ, ರಾಜ್ಯದ ಹೆಸರು ಅದಲುಬದಲು ಅಷ್ಟೇ. ನೀವು ಹೆಡ್ಡಿಂಗ್ ಬಿಟ್ಟು ರಾಜಾಪುರದ ಕ್ಯುಸೆಕ್, ಐರ್ವಿನ್‌ನ ಅಡಿ, ಎರಡನ್ನೂ ನೋಡ್ತಾ ಇರಿ.