ಅಪ್‌ಡೇಟ್: ವಿಟ್ಬಿಯ ಕಡಲ ನಡಿಗೆ ಮತ್ತು ಪಬ್ ಸಂಜೆ

'ಡ್ರಾಕುಲಾ' ಕಾದಂಬರಿಯನ್ನು ಮೆಚ್ಚುವ ನಾವು ಹನ್ನೊಂದು ಮಂದಿ ಇಂಗ್ಲೆಂಡಿನ ವಿಟ್ಬಿಯಲ್ಲಿ ಸೇರಿ, ಕಡಲಂಚಿನಲ್ಲಿ ನಡೆದು, ಸಂಜೆಯನ್ನು ಪಬ್ಬಿನಲ್ಲಿ ಕಳೆಯಲು ಏನೇನು ಏರ್ಪಾಡು ಬೇಕೆಂದು ಹಿಂದೆ ಕೇಳಿದ್ದೆ. ಕಳೆದ ಶನಿವಾರ ಅದು ನೆರವೇರಿತು.

ಬೆಳಿಗ್ಗೆ 199 ಮೆಟ್ಟಿಲುಗಳನ್ನು ಹತ್ತಿ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿ ಸೇರಿದೆವು. 1890ರಲ್ಲಿ ಈ ಊರಿನಲ್ಲಿ ತಂಗಿದ್ದ 'ಡ್ರಾಕುಲಾ' ಲೇಖಕ ಬ್ರಾಮ್ ಸ್ಟೋಕರ್ ಇಲ್ಲಿನ ಸಮಾಧಿ ಕಲ್ಲುಗಳ ಮೇಲಿನ ಹೆಸರುಗಳನ್ನು ಬರೆದುಕೊಂಡಿದ್ದರು; ಉಪ್ಪುಗಾಳಿಗೆ ಅಕ್ಷರಗಳು ಬಹುಪಾಲು ಸವೆದುಹೋಗಿರುವ ಆ ಕಲ್ಲುಗಳ ನಡುವೆ ನಿಂತು, ಕೆಳಗೆ ಟೇಟ್ ಹಿಲ್ ಪಿಯರ್ ಎಂಬ ಹಡಗುಕಟ್ಟೆಯತ್ತ ನೋಡುತ್ತ, ಕಾದಂಬರಿಯಲ್ಲಿ ಹಡಗು ದಡಕ್ಕಪ್ಪಳಿಸುವ ಭಾಗವನ್ನು ಒಬ್ಬರು ಗಟ್ಟಿಯಾಗಿ ಓದಿದರು. ನಾನು ಸಿದ್ಧಪಡಿಸಿದ್ದ ರಸಪ್ರಶ್ನೆ ಅದರ ಮುಂದೆ ಸಪ್ಪೆ ಎನಿಸಿದ್ದರಿಂದ ಅದನ್ನು ಕೈಬಿಟ್ಟೆ.

ನಡಿಗೆಯನ್ನು ವಿಟ್ಬಿಯಿಂದಲೇ ಆರಂಭಿಸಿ ರಾಬಿನ್ ಹುಡ್ಸ್ ಬೇಯಲ್ಲಿ ಮುಗಿಸಿ, ಹಿಂದಿರುಗಲು ಬಸ್ಸು ಹಿಡಿಯಿರಿ ಎಂದು ನೀವು ಕೊಟ್ಟ ಸಲಹೆಯೇ ಎಲ್ಲಕ್ಕಿಂತ ಉಪಯುಕ್ತವಾಯಿತು. ಕ್ಲೀವ್‌ಲ್ಯಾಂಡ್ ವೇ ದಾರಿಯ ಆ ಸುಮಾರು 11 ಕಿ.ಮೀ. ಬಂಡೆಯ ಮೇಲಿನಿಂದಲೇ ಸಾಗುವುದರಿಂದ ಭರತ–ಇಳಿತಗಳ ಲೆಕ್ಕ ಹಾಕಬೇಕಾಗಲಿಲ್ಲ. ಕೆಸರು ಮಾತ್ರ ನಿರೀಕ್ಷೆಗಿಂತ ಹೆಚ್ಚಿತ್ತು.

ಎಡವಿದ್ದು ಪಬ್ಬಿನಲ್ಲಿ. ಮೇಜನ್ನು ಮುಂಗಡವಾಗಿ ಕಾಯ್ದಿರಿಸಿದ್ದರೂ ಅಡುಗೆಮನೆ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ನಾನು ವಿಚಾರಿಸಿರಲಿಲ್ಲವಾದ್ದರಿಂದ, ಹಸಿದು ಬಂದವರೆಲ್ಲರೂ ಬಿಯರಿನೊಂದಿಗೆ ಚಿಪ್ಸ್ ಪೊಟ್ಟಣಗಳಿಗೇ ತೃಪ್ತಿಪಡಬೇಕಾಯಿತು. ಆದರೂ ಕೊನೆಯ ಬಸ್ಸಿನ ಹೊತ್ತಿನವರೆಗೆ ಯಾರೂ ಏಳಲಿಲ್ಲ.